ಲಾರಿಯ ಎಡಗಡೆ ಸೀಟು ಯಾಕೆ ಖಾಲಿಯಾಯಿತು?

ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್‌ಗೆ ಒಂದು ದಿನ ಬೆಳಗ್ಗೆ ಹೋಗಿ ನೋಡಿ. ಸಾಲಾಗಿ ನಿಂತ ಲಾರಿಗಳ ಕ್ಯಾಬಿನ್ ಒಳಗೆ ಇಣುಕಿ. ಬಲಗಡೆ ಡ್ರೈವರ್ ಇರುತ್ತಾನೆ, ಹೆಚ್ಚಾಗಿ ಮಲಗಿರುತ್ತಾನೆ. ಎಡಗಡೆ ಸೀಟಿನ ಮೇಲೆ ನೀರಿನ ಕ್ಯಾನು, ಬಟ್ಟೆ ಬ್ಯಾಗು, ಚಿಕ್ಕದೊಂದು ಸ್ಟವ್, ಮಡಚಿಟ್ಟ ಕಂಬಳಿ. ಅಲ್ಲಿ ಕೂರುತ್ತಿದ್ದ ಮನುಷ್ಯ ಮಾತ್ರ ಇಲ್ಲ.

ಅವನು ಕ್ಲೀನರ್. ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಕ್ಲೀನರ್ ಇಲ್ಲದೆ ಬೆಂಗಳೂರು ಬಿಟ್ಟು ಹೊರಡುವ ಲಾರಿಯೇ ಇರಲಿಲ್ಲ ಅನ್ನಬಹುದು. ಈಗ ಇಬ್ಬರು ಇರುವ ಲಾರಿಯನ್ನೇ ಹುಡುಕಬೇಕು.

ಲಾರಿ ಮಾಲೀಕರನ್ನು ಮಾತಾಡಿಸಿದರೆ ಐದು ನಿಮಿಷದಲ್ಲಿ ಒಂದು ಮಾತು ಬಂದೇ ಬರುತ್ತದೆ. ಡ್ರೈವರ್ ಸಿಗುತ್ತಿಲ್ಲ. ಗಾಡಿ ಇದೆ, ಲೋಡ್ ಇದೆ, ಓಡಿಸೋರು ಇಲ್ಲ. ಇದಕ್ಕೆ ಎಲ್ಲರೂ ಹೇಳುವ ಕಾರಣ ಎರಡು. ಈಗಿನ ಹುಡುಗರಿಗೆ ಮೈ ಬಗ್ಗಲ್ಲ ಅನ್ನೋದು ಒಂದು. ಸಂಬಳ ಸಾಲದು ಅನ್ನೋದು ಇನ್ನೊಂದು. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಮಳೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ಬೈಕ್ ಮೇಲೆ ಊಟ ಹೊತ್ತು ತಿರುಗುವ ಹುಡುಗರಿಗೆ ಮೈ ಬಗ್ಗಲ್ಲ ಅನ್ನೋದು ಹೇಗೆ? ಎರಡನೆಯದು ನಿಜ, ಆದರೆ ಅರ್ಧ ನಿಜ. ಹಳೇ ಡ್ರೈವರ್‌ಗಳ ನೆನಪುಗಳನ್ನು ಕೂತು ಕೇಳಿದರೆ ಮೂರನೆಯ ಕಾರಣ ಸಿಗುತ್ತದೆ. ಡ್ರೈವರ್ ತಯಾರಾಗುತ್ತಿದ್ದದ್ದು ಆ ಎಡಗಡೆ ಸೀಟಿನಲ್ಲಿ. ಅದು ಖಾಲಿಯಾದ ಮೇಲೆ ಹೊಸ ಡ್ರೈವರ್ ಎಲ್ಲಿಂದ ಬರಬೇಕು?

ನನಗೆ ಈ ವಿಷಯ ಗೊತ್ತಾಗಿದ್ದು ನಮ್ಮ ದೊಡ್ಡಪ್ಪನಿಂದ. ಅವರು ಕಲಾಸಿಪಾಳ್ಯದ ಒಂದು ಬುಕಿಂಗ್ ಆಫೀಸಿನ ಲಾರಿಗೆ ಕ್ಲೀನರ್ ಆಗಿ ಸೇರಿದ್ದು 1974ರಲ್ಲಿ, ಮೀಸೆ ಮೂಡುವ ಮುಂಚೆ. ಸ್ಟೀರಿಂಗ್ ಬಿಟ್ಟಿದ್ದು 2009ರಲ್ಲಿ. ಹೆಚ್ಚಿನ ವರ್ಷ ಬಾಂಬೆ ಲೈನ್. ಈಗ ಮೊಣಕಾಲು ಹೋಗಿದೆ, ಬಲಗಡೆ ಕಿವಿ ಮಂದ. ಆದರೆ ತುಮಕೂರಿನಿಂದ ಪುಣೆವರೆಗೆ ಎಲ್ಲಿ ತಿರುವು, ಎಲ್ಲಿ ಏರು, ಎಲ್ಲಿ ಒಳ್ಳೆ ನೀರು ಸಿಗುತ್ತಿತ್ತು ಅಂತ ಕಣ್ಣು ಮುಚ್ಚಿ ಹೇಳುತ್ತಾರೆ.

ಕ್ಲೀನರ್ ಅಂದರೆ ಗಾಡಿ ಒರೆಸೋನು ಅಂದುಕೊಳ್ಳಬೇಡಿ. ದೊಡ್ಡಪ್ಪ ಹೇಳುವ ಕೆಲಸಗಳ ಪಟ್ಟಿ ಕೇಳಿದರೆ ಸುಸ್ತಾಗುತ್ತದೆ. ಗಾಡಿ ನಿಂತ ತಕ್ಷಣ ಕೆಳಗೆ ಹಾರಿ ಕಬ್ಬಿಣದ ಸಲಾಕೆಯಿಂದ ಒಂದೊಂದು ಟೈರಿಗೂ ಬಡಿಯಬೇಕು. ಶಬ್ದ ಗಟ್ಟಿಯಾಗಿ ಬಂದರೆ ಗಾಳಿ ಸರಿ ಇದೆ, ಮಂದವಾಗಿ ಬಂದರೆ ಪಂಕ್ಚರ್. ಹಿಂದೆ ಜೋಡಿ ಟೈರುಗಳಲ್ಲಿ ಒಳಗಿನದು ಕುಳಿತಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೇ ಗೊತ್ತಾಗಬೇಕು. ರೇಡಿಯೇಟರ್‌ಗೆ ನೀರು ಹಾಕಬೇಕು. ಘಾಟಿಯಲ್ಲಿ ಗಾಡಿ ನಿಂತರೆ ಹಿಂದಕ್ಕೆ ಜಾರದಂತೆ ಚಕ್ರಕ್ಕೆ ಮರದ ತುಂಡು ಕೊಡಬೇಕು. ಆಗಿನ ಗಾಡಿಗಳ ಬ್ರೇಕು ಅಷ್ಟರದ್ದೇ. ಆ ಮರದ ತುಂಡು ಹಿಡಿದು ಗಾಡಿ ಪಕ್ಕದಲ್ಲಿ ಓಡುತ್ತಾ ಘಾಟಿ ಹತ್ತಿದ್ದೂ ಇದೆಯಂತೆ. ಲೋಡ್ ಮೇಲೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯಬೇಕು, ಮಳೆ ಬಂದರೆ ರಾತ್ರಿ ಎರಡು ಗಂಟೆಗೂ ಹತ್ತಿ ನೋಡಬೇಕು. ಟಾರ್ಪಾಲು ಕೊಯ್ದು ಮಾಲು ಕದಿಯುವವರು ಇದ್ದ ಕಡೆ ಲೋಡ್ ಮೇಲೆಯೇ ಮಲಗಬೇಕು. ಅಡುಗೆ ಮಾಡಬೇಕು. ಡ್ರೈವರ್‌ಗೆ ನಿದ್ದೆ ಬರದಂತೆ ಮಾತಾಡುತ್ತಾ ಇರಬೇಕು.

ಎಲ್ಲಕ್ಕಿಂತ ದೊಡ್ಡ ಕೆಲಸ ಎಡಗಡೆ ನೋಡೋದು. ನಮ್ಮ ಗಾಡಿಗಳಲ್ಲಿ ಸ್ಟೀರಿಂಗ್ ಬಲಕ್ಕೆ. ಲಾರಿಯ ಎಡ ಮೂಲೆ ಡ್ರೈವರ್ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಮುಂದಿನ ಎಡ ಚಕ್ರದ ಪಕ್ಕ ಒಬ್ಬ ಮನುಷ್ಯ ನಿಂತರೂ ಕಾಣದ ಜಾಗ ಅದು. ಕ್ಲೀನರ್ ಬಾಗಿಲಿಗೆ ಕೈ ಬಡಿದು ಹೇಳಿದರೆ ಮಾತ್ರ ಡ್ರೈವರ್ ಎಡಕ್ಕೆ ತಿರುಗಿಸುತ್ತಿದ್ದ. ಈಗ ಆ ಜಾಗಕ್ಕೆ ಕನ್ನಡಿ ಬಂದಿದೆ. ಅದೇ ಹೊತ್ತಿಗೆ ಬೆಂಗಳೂರಿನ ರಸ್ತೆ ತುಂಬಾ ಎಡಗಡೆಯಿಂದಲೇ ನುಗ್ಗುವ ಸ್ಕೂಟರ್, ಬೈಕು ತುಂಬಿವೆ. ಲಾರಿ ಎಡಕ್ಕೆ ತಿರುಗುವಾಗ ದ್ವಿಚಕ್ರ ಸವಾರ ಅಡಿಗೆ ಸಿಕ್ಕಿದ ಸುದ್ದಿ ಓದಿದಾಗೆಲ್ಲ ನನಗೆ ಆ ಖಾಲಿ ಸೀಟು ನೆನಪಾಗುತ್ತದೆ. ಪೇಪರಿನಲ್ಲಿ ಅತಿವೇಗ, ನಿರ್ಲಕ್ಷ್ಯ ಅಂತ ಬರೆಯುತ್ತಾರೆ. ಎಡಗಣ್ಣು ತೆಗೆದು ಗಾಡಿ ರಸ್ತೆಗೆ ಬಿಟ್ಟಿದ್ದೇವೆ ಅಂತ ಯಾರೂ ಬರೆಯುವುದಿಲ್ಲ.

ಈ ಕೆಲಸಗಳನ್ನು ಮಾಡುತ್ತಾ ಮಾಡುತ್ತಾ ಹುಡುಗ ಗಾಡಿ ಕಲಿಯುತ್ತಿದ್ದ. ಮೊದಲು ಇಂಜಿನ್ ಶಬ್ದ ಕೇಳಿಸಿಕೊಳ್ಳೋದು. ಆಮೇಲೆ ಶೆಡ್ಡಿನಲ್ಲಿ ಗಾಡಿ ಹಿಂದೆ ಮುಂದೆ ಮಾಡೋದು. ಆಮೇಲೆ ಖಾಲಿ ಗಾಡಿ, ಬೆಳಗಿನ ಜಾವ, ಹಿರಿಯೂರು ದಾಟಿದ ಮೇಲಿನ ನೇರ ರಸ್ತೆ. ಲೋಡ್ ಗಾಡಿ ಕೈಗೆ ಸಿಗಲು ಮೂರು ನಾಲ್ಕು ವರ್ಷ. ಇಳಿಜಾರಿನಲ್ಲಿ ಯಾವ ಗೇರಿನಲ್ಲಿ ಬಿಡಬೇಕು, ಈರುಳ್ಳಿ ಲೋಡ್ ತಿರುವಿನಲ್ಲಿ ಹೇಗೆ ಎಳೆಯುತ್ತದೆ, ಕಬ್ಬಿಣದ ಲೋಡ್ ಹೇಗೆ ನೂಕುತ್ತದೆ ಅನ್ನೋದು ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಬರುವ ಪಾಠ ಅಲ್ಲ. ಇದು ಪುಕ್ಕಟೆ ಶಾಲೆ. ಸರ್ಕಾರ ಒಂದು ರೂಪಾಯಿ ಹಾಕಲಿಲ್ಲ, ಮಾಲೀಕರೂ ಹೆಚ್ಚೇನು ಹಾಕಲಿಲ್ಲ. ದೇಶದ ಸರಕು ಸಾಗಣೆ ದಶಕಗಟ್ಟಲೆ ನಡೆದಿದ್ದು ಈ ಶಾಲೆಯಿಂದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಶಾಲೆ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಹನ್ನೆರಡು ಹದಿಮೂರು ವರ್ಷದ ಮಕ್ಕಳು ಅಲ್ಲಿದ್ದರು. ಸಂಬಳ ಅಂತ ಬಹಳ ಸಲ ಏನೂ ಇರಲಿಲ್ಲ, ಊಟ ಮತ್ತು ಕೈಗೆ ಚಿಲ್ಲರೆ. ಹೊಡೆತ ಇತ್ತು. ದೊಡ್ಡಪ್ಪನ ಎಡಗೈ ಮೇಲೆ ಒಂದು ಸುಟ್ಟ ಗುರುತಿದೆ. ರೇಡಿಯೇಟರ್ ಮುಚ್ಚಳ ಬಿಸಿ ಇದ್ದಾಗಲೇ ತೆಗೆಯಲು ಹೇಳಿದ್ದರಂತೆ, ಆಗ ಅವರಿಗೆ ಹದಿನಾಲ್ಕು. ಅದನ್ನು ಅವರು ನಗುತ್ತಾ ಹೇಳುತ್ತಾರೆ, ನನಗೆ ನಗು ಬರುವುದಿಲ್ಲ. ಅವರು ತಮ್ಮ ಮಗನನ್ನು ಒಂದೇ ಒಂದು ಟ್ರಿಪ್ಪಿಗೂ ಜೊತೆಗೆ ಹತ್ತಿಸಿಕೊಳ್ಳಲಿಲ್ಲ. ರಜೆಯಲ್ಲಿ ಅಣ್ಣ ಅತ್ತು ಕೇಳಿದರೂ ಇಲ್ಲ. ಓದು ಅಂದರು, ಅಷ್ಟೇ. ಆ ಪೀಳಿಗೆಯ ಎಷ್ಟೋ ಡ್ರೈವರ್‌ಗಳು ಇದನ್ನೇ ಮಾಡಿದರು. ಈಗ ಡ್ರೈವರ್ ಇಲ್ಲ ಅನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಳಗಿದ್ದವರೇ ತಮ್ಮ ಮಕ್ಕಳಿಗೆ ಬಾಗಿಲು ಹಾಕಿದರು, ಒಳಗೆ ಏನಿದೆ ಅಂತ ಗೊತ್ತಿದ್ದರಿಂದ.

ಹಾಗಾದರೆ ಆ ಕಷ್ಟಕ್ಕೆ ಅವರು ಯಾಕೆ ಅಂಟಿಕೊಂಡಿದ್ದರು? ಮುಂದೆ ಮೆಟ್ಟಿಲು ಕಾಣುತ್ತಿತ್ತು. ಕ್ಲೀನರ್ ಡ್ರೈವರ್ ಆಗುತ್ತಿದ್ದ. ಡ್ರೈವರ್ ಹತ್ತು ವರ್ಷ ದುಡಿದು, ಮಾಲೀಕನ ಹತ್ತಿರವೇ ಹಳೇ ಗಾಡಿ ಕಂತಿಗೆ ತೆಗೆದುಕೊಂಡು ತಾನೇ ಮಾಲೀಕ ಆಗುತ್ತಿದ್ದ. ಎಲ್ಲರೂ ಆಗಲಿಲ್ಲ, ದೊಡ್ಡಪ್ಪನೂ ಆಗಲಿಲ್ಲ. ಆದರೆ ಆದವರು ಕಣ್ಣೆದುರಿಗೇ ಇದ್ದರು. ಊರಿಗೆ ಹೋದರೆ ಲಾರಿ ಡ್ರೈವರ್ ಅಂದರೆ ಬೆಲೆ ಇತ್ತು. ಬಾಂಬೆ ಕಂಡವನು, ಕೈಯಲ್ಲಿ ನಗದು ಇರುವವನು. ಈಗ ಅದೇ ಊರಿನಲ್ಲಿ ಲಾರಿ ಡ್ರೈವರ್‌ಗೆ ಹೆಣ್ಣು ಕೊಡುವವರಿಲ್ಲ.

ಕ್ಲೀನರ್ ಹೋಗಿದ್ದು ಒಂದೇ ದಿನದಲ್ಲಿ ಅಲ್ಲ. ಅವನ ಕೆಲಸಗಳು ಒಂದೊಂದಾಗಿ ಹೋದವು. ಪವರ್ ಸ್ಟೀರಿಂಗ್ ಬಂತು. ಟ್ಯೂಬ್‌ಲೆಸ್ ಟೈರ್ ಬಂದು ಪಂಕ್ಚರ್ ಕಡಿಮೆಯಾಯಿತು. ಒಳ್ಳೆ ಬ್ರೇಕು ಬಂತು, ಮರದ ತುಂಡು ಮೂಲೆ ಸೇರಿತು. ಕಂಟೈನರ್ ಬಂದು ಹಗ್ಗ, ಟಾರ್ಪಾಲು ಬೇಡವಾಯಿತು. ಮೊಬೈಲ್ ಬಂತು. ಇನ್ನೊಂದು ಕಡೆ ಖರ್ಚು ಏರಿತು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆ ಮೇಲಿನ ಸರ್ಕಾರದ ಹಿಡಿತ ಪೂರ್ತಿ ತೆಗೆದರು. ಟ್ರಿಪ್ಪಿನ ಖರ್ಚಿನಲ್ಲಿ ಡೀಸೆಲ್‌ದೇ ದೊಡ್ಡ ಪಾಲು. ಅದರ ಮೇಲೆ ಟೋಲ್, ಗಾಡಿ ಕಂತು, ಇನ್ಶೂರೆನ್ಸ್. ಒಂದೆರಡು ಗಾಡಿ ಇಟ್ಟುಕೊಂಡ ಮಾಲೀಕನ ಕೈಯಲ್ಲಿ ಕಡಿಮೆ ಮಾಡಬಹುದಾದ ಖರ್ಚು ಒಂದೇ ಉಳಿದಿತ್ತು. ಎಡಗಡೆ ಸೀಟಿನಲ್ಲಿ ಕೂತ ಹುಡುಗನ ಊಟ ಮತ್ತು ಬಾಟಾ, ಅಂದರೆ ದಿನದ ಭತ್ಯೆ.

ಮಾಲೀಕನ ಲೆಕ್ಕ ತಪ್ಪು ಅಂತ ಹೇಳಲಾರೆ. ಆದರೆ ಹಾಗೆ ಉಳಿಸಿದ ದುಡ್ಡಿಗೆ ಹತ್ತು ಹದಿನೈದು ವರ್ಷ ಆದ ಮೇಲೆ ಇಡೀ ಧಂದೆ ಬೆಲೆ ತೆರುತ್ತಿದೆ.

ಈಗ ರಸ್ತೆ ವಿಷಯಕ್ಕೆ ಬರೋಣ. ರಸ್ತೆ ಚೆನ್ನಾಗಾಯಿತು, ಡ್ರೈವರ್ ಕಷ್ಟ ಕಡಿಮೆಯಾಯಿತು ಅಂತ ನಾವೆಲ್ಲ ನಂಬಿದ್ದೇವೆ, ಅಲ್ವಾ? ಸ್ವಲ್ಪ ಲೆಕ್ಕ ಮಾಡಿ ನೋಡೋಣ.

ಬೆಂಗಳೂರಿನಿಂದ ಮುಂಬೈಗೆ ಹತ್ತಿರ ಹತ್ತಿರ 1000 ಕಿಲೋಮೀಟರ್. ದೊಡ್ಡಪ್ಪನ ಕಾಲದಲ್ಲಿ ಇದಕ್ಕೆ ಮೂರು ದಿನ. ಆಗ ಹಳೇ ಎನ್‌ಎಚ್ 4 ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಎಲ್ಲ ಊರುಗಳ ನಡುವೆಯೇ ಹಾಯುತ್ತಿತ್ತು. ಎದುರಿನಿಂದ ಬಸ್ಸು ಬಂದರೆ ಒಂದು ಚಕ್ರ ಮಣ್ಣಿಗೆ ಇಳಿಸಬೇಕು. ನಿಪ್ಪಾಣಿ ಕಡೆ ಗಡಿ ಚೆಕ್‌ಪೋಸ್ಟ್. ಅಲ್ಲಿ ಕಾಗದ ತೋರಿಸಿ, ಮಾಮೂಲು ಕೊಟ್ಟು, ಸರದಿ ಬರೋವರೆಗೆ ಗಾಡಿ ಕೆಳಗೆ ಮಲಗೋದು. ಮುಂಬೈ ಬಾಗಿಲಲ್ಲಿ ಆಕ್ಟ್ರಾಯ್ ನಾಕಾ, ಅಂದರೆ ಊರೊಳಗೆ ಬರುವ ಮಾಲಿಗೆ ಸುಂಕ ಕಟ್ಟುವ ಕಟ್ಟೆ. ಕರ್ನಾಟಕ 1979ರಲ್ಲೇ ಆಕ್ಟ್ರಾಯ್ ತೆಗೆದು ಪ್ರವೇಶ ತೆರಿಗೆ ತಂದಿತ್ತು. ಮುಂಬೈಯಲ್ಲಿ ಅದು 2017ರ ಜುಲೈ 1ರಂದು ಜಿಎಸ್‌ಟಿ ಬರುವವರೆಗೂ ಇತ್ತು.

ಈಗ ಸುವರ್ಣ ಚತುಷ್ಪಥದ ರಸ್ತೆ ಇದೆ. 1999ರಲ್ಲಿ ಶುರುವಾಗಿ 2012ಕ್ಕೆ ಮುಗಿದ ಕೆಲಸ ಅದು. ಊರುಗಳಿಗೆಲ್ಲ ಬೈಪಾಸ್ ಆಗಿದೆ. ಜಿಎಸ್‌ಟಿ ಬಂದ ಮೇಲೆ ತೆರಿಗೆ ಚೆಕ್‌ಪೋಸ್ಟ್ ಹೋಯಿತು. 2018ರಿಂದ ಮಾಲಿನ ವಿವರ ಆನ್‌ಲೈನ್‌ನಲ್ಲೇ ಕೊಡುವ ಇ-ವೇ ಬಿಲ್, 2021ರ ಫೆಬ್ರವರಿಯಿಂದ ಫಾಸ್ಟ್‌ಟ್ಯಾಗ್ ಕಡ್ಡಾಯ. ಮಾಲು ಒಂದೂವರೆ ಎರಡು ದಿನದಲ್ಲಿ ಮುಟ್ಟಬೇಕು ಅನ್ನೋದು ಮಾಮೂಲಿಯಾಗಿದೆ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಹೇಳಿತ್ತು. ಗಂಟೆಗೆ ಸರಾಸರಿ 40 ಕಿಲೋಮೀಟರ್ ಹೋದರೆ 8 ಗಂಟೆಗೆ 320. ಸಾವಿರ ಕಿಲೋಮೀಟರಿಗೆ ಮೂರು ದಿನ. ಅಂದರೆ ಆ ಕೆಟ್ಟ ರಸ್ತೆ, ಆ ಚೆಕ್‌ಪೋಸ್ಟ್, ಆ ನಾಕಾ ಎಲ್ಲ ಸೇರಿ ಡ್ರೈವರ್‌ಗೆ ಕಾನೂನು ಹೇಳಿದ ವೇಗವನ್ನೇ ಕೊಡುತ್ತಿದ್ದವು. ಬಲವಂತದ ವಿಶ್ರಾಂತಿ ಅದು, ಕಿರುಕುಳದ ರೂಪದಲ್ಲಿ ಬಂದರೂ ವಿಶ್ರಾಂತಿ. ಈಗ ಅಡ್ಡಿ ಎಲ್ಲ ಹೋಯಿತು, ಹಾಗೆ ಉಳಿದ ಸಮಯ ಡ್ರೈವರ್‌ಗೆ ಸಿಗಲಿಲ್ಲ, ಲೋಡಿಗೆ ಸಿಕ್ಕಿತು. ಎರಡು ದಿನದಲ್ಲಿ ಮುಂಬೈ ಮುಟ್ಟಬೇಕು ಅಂದರೆ ಒಬ್ಬನೇ ಮನುಷ್ಯ ದಿನಕ್ಕೆ ಹತ್ತು ಹನ್ನೆರಡು ಗಂಟೆ ಸ್ಟೀರಿಂಗ್ ಹಿಡಿಯಬೇಕು. ಲೋಡಿಂಗ್‌ನಲ್ಲಿ ಕಾದ ಹೊತ್ತು ಬೇರೆ.

ಒಬ್ಬನೇ ಅಂತ ಯಾಕೆ ಅಂದೆ? ರಾಜ್ಯ ದಾಟಿ ಓಡುವ ನ್ಯಾಷನಲ್ ಪರ್ಮಿಟ್ ಗಾಡಿಯಲ್ಲಿ ಇಬ್ಬರು ಡ್ರೈವರ್ ಇರಬೇಕು ಅನ್ನುವ ನಿಯಮ ಕಾಗದದ ಮೇಲಾದರೂ ಇತ್ತು. ಕೇಂದ್ರ ಸರ್ಕಾರ 2018ರಲ್ಲಿ ಅದನ್ನೂ ತೆಗೆಯಿತು. ಅದೇ ವರ್ಷ ಲಾರಿ ಹೊರಬಹುದಾದ ಭಾರವನ್ನು ಹೆಚ್ಚಿಸಿತು. ಹತ್ತು ಚಕ್ರದ ಲಾರಿಗೆ ಗಾಡಿ ತೂಕವೂ ಸೇರಿ 25 ಟನ್ ಇದ್ದದ್ದು 28.5 ಟನ್ ಆಯಿತು. ಭಾರ ಜಾಸ್ತಿ, ಜನ ಕಡಿಮೆ, ಎರಡೂ ಒಂದೇ ವರ್ಷದಲ್ಲಿ.

ಕೆಲಸದ ಗಂಟೆಗೆ ಕಾನೂನು ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. 1961ರ ಕಾಯ್ದೆ ಐದು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರು ಇರುವ ಕಡೆ ಮಾತ್ರ ನಡೆಯುತ್ತಿತ್ತು. ನಮ್ಮಲ್ಲಿ ಹೆಚ್ಚಿನ ಲಾರಿಗಳು ಒಂದು, ಎರಡು, ಮೂರು ಗಾಡಿ ಇಟ್ಟುಕೊಂಡವರ ಕೈಯಲ್ಲಿವೆ. ಹಾಗಾಗಿ ಹೆಚ್ಚಿನ ಡ್ರೈವರ್‌ಗಳಿಗೆ ಆ ಕಾಯ್ದೆ ಇದ್ದೂ ಇಲ್ಲದ ಹಾಗೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, ಹಳೇ ಕಾಯ್ದೆ ಹೋಯಿತು. ಹೊಸದರಲ್ಲೂ ದಿನಕ್ಕೆ 8 ಗಂಟೆ ಅಂತಲೇ ಇದೆ. ಆದರೆ ಐದು ಜನ ಅಂತ ಇದ್ದದ್ದು ಹತ್ತು ಜನ ಅಂತಾಗಿದೆ. ಬಲೆಯ ಕಣ್ಣು ಇನ್ನಷ್ಟು ಅಗಲವಾಯಿತು.

ಬೈಪಾಸ್‌ನಿಂದ ಇನ್ನೊಂದು ನಷ್ಟ ಆಗಿದೆ. ಅದು ಯಾರ ಲೆಕ್ಕಕ್ಕೂ ಬಂದಿಲ್ಲ. ಊರಿನ ನಡುವೆ ಲಾರಿ ಹೋಗುತ್ತಿದ್ದಾಗ ದಾರಿಯುದ್ದಕ್ಕೂ ಡ್ರೈವರ್‌ಗೆ ಗುರುತಿನವರಿದ್ದರು. ಸಾಲ ಕೊಡುವ ಹೋಟೆಲ್, ನಂಬಿಕೆಯ ಮೆಕ್ಯಾನಿಕ್, ಕ್ಷೌರದ ಅಂಗಡಿ, ಸ್ನಾನಕ್ಕೆ ಬಾವಿ. ಚಿತ್ರದುರ್ಗದ ಒಂದು ಹೋಟೆಲ್‌ನಲ್ಲಿ ದೊಡ್ಡಪ್ಪನಿಗೆ ಬಂದ ಕಾಗದಗಳನ್ನು ಎತ್ತಿಡುತ್ತಿದ್ದರಂತೆ. ನಮ್ಮ ಅಜ್ಜಿ ತೀರಿಕೊಂಡ ಸುದ್ದಿ ಅವರಿಗೆ ಸಿಕ್ಕಿದ್ದು ಅಲ್ಲೇ, ನಾಲ್ಕು ದಿನ ತಡವಾಗಿ. ಇದನ್ನು ಹೇಳುವಾಗ ಅವರು ಈಗಲೂ ಮಾತು ನಿಲ್ಲಿಸುತ್ತಾರೆ. ಮೊಬೈಲ್ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ. ಇವತ್ತಿನ ಡ್ರೈವರ್ ರಾತ್ರಿ ಮಕ್ಕಳ ಮುಖ ನೋಡಿ ಮಾತಾಡಬಹುದು, ಅದು ದೊಡ್ಡ ವಿಷಯ. ಆದರೆ ಅದೇ ಫೋನಿನಲ್ಲಿ ದಿನಕ್ಕೆ ಹತ್ತು ಸಲ ಎಲ್ಲಿದ್ದೀಯಾ ಅಂತ ಕೇಳುವವರೂ ಇದ್ದಾರೆ. ಗಾಡಿ ಹದಿನೈದು ನಿಮಿಷ ನಿಂತರೆ ಜಿಪಿಎಸ್ ಹೇಳಿಬಿಡುತ್ತದೆ.

ಬೆಂಗಳೂರಿಗೆ ಬಂದರೆ ಬೇರೆ ಕಥೆ. ಹೊರವರ್ತುಲ ರಸ್ತೆಯ ಒಳಗೆ ಹಗಲು ಭಾರಿ ಲಾರಿಗಳಿಗೆ ನಿರ್ಬಂಧ. ನೆಲಮಂಗಲ, ಹೊಸಕೋಟೆ, ಅತ್ತಿಬೆಲೆ ಕಡೆ ಹಗಲೆಲ್ಲ ಲಾರಿಗಳು ಸಾಲು ನಿಲ್ಲುತ್ತವೆ, ರಾತ್ರಿ ಒಳಗೆ ಬಿಡುತ್ತಾರೆ. ಪೀಣ್ಯ ಮೇಲ್ಸೇತುವೆಯಲ್ಲಿ 2021ರ ಡಿಸೆಂಬರ್‌ನಿಂದ 2024ರ ಜುಲೈವರೆಗೆ ಭಾರಿ ವಾಹನಕ್ಕೆ ಪ್ರವೇಶವೇ ಇರಲಿಲ್ಲ. ನಗರಕ್ಕೆ ನಿರ್ಬಂಧ ಬೇಕು, ನಾನು ಇಲ್ಲ ಅನ್ನಲ್ಲ. ಆದರೆ ಕಾಯುವ ಕಡೆ ಏನಿದೆ? ಹೆಚ್ಚಿನ ಕಡೆ ರಸ್ತೆ ಬದಿ. ಶೌಚಾಲಯ ಇಲ್ಲ, ನೆರಳಿಲ್ಲ, ಕುಡಿಯಲು ನೀರಿಲ್ಲ. ಹಗಲೆಲ್ಲ ಕಾದ ಮನುಷ್ಯ ನಿದ್ದೆ ಮಾಡದೆ ರಾತ್ರಿ ನಮ್ಮ ನಡುವೆ 28 ಟನ್ ಓಡಿಸಿಕೊಂಡು ಬರುತ್ತಾನೆ. ಈ ಕಾದ ಹೊತ್ತಿಗೆ ಅವನಿಗೆ ದುಡ್ಡಿಲ್ಲ. ಸಂಬಳ ಟ್ರಿಪ್ ಲೆಕ್ಕ, ಗಂಟೆ ಲೆಕ್ಕ ಅಲ್ಲ.

ಇದೇ ಬೆಂಗಳೂರು ಆ ಹುಡುಗನಿಗೆ ಬೇರೆ ದಾರಿಯನ್ನೂ ಕೊಟ್ಟಿತು. 2005ರಲ್ಲಿ ಟಾಟಾ ಏಸ್ ಬಂತು. ಕಾರು ಓಡಿಸಲು ಬಂದವನು ವಾರದಲ್ಲಿ ಅದನ್ನು ಓಡಿಸಬಹುದು. ಆಮೇಲೆ ಆ್ಯಪ್ ಟ್ಯಾಕ್ಸಿ, ಆ್ಯಪ್ ಸರಕು ಗಾಡಿ. ಅಲ್ಲೂ ಕಷ್ಟ ಇದೆ, ಆದರೆ ರಾತ್ರಿ ಮನೆಗೆ ಬರಬಹುದು. ಗಾಡಿ ಅವನದೇ. ಕಲಾಸಿಪಾಳ್ಯದ ಕ್ಲೀನರ್ ಹುಡುಗನ ಮುಂದಿದ್ದ ಮೆಟ್ಟಿಲು ಈಗ ಇಲ್ಲಿದೆ, ಲಾರಿಯಲ್ಲಿ ಇಲ್ಲ. ಹೊಸ ದೊಡ್ಡ ಲಾರಿಗೆ ಲಕ್ಷಗಟ್ಟಲೆ ಬೇಕು, ಡ್ರೈವರ್ ಸಂಬಳದಲ್ಲಿ ಅದರ ಕಂತು ಕಟ್ಟುವ ಮಾತೇ ಇಲ್ಲ. ಬಳ್ಳಾರಿ ಗಣಿ ಭರಾಟೆಯಲ್ಲಿ ಸಾಲ ಮಾಡಿ ಲಾರಿ ತೆಗೆದ ಡ್ರೈವರ್‌ಗಳೂ ಇದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅವರ ಗತಿ ಏನಾಯಿತು ಅಂತ ಆ ಕಡೆಯ ಊರುಗಳಿಗೆಲ್ಲ ಗೊತ್ತು. ಆ ಪೆಟ್ಟು ನೋಡಿದ ಮನೆಯವರು ಮಗನಿಗೆ ಲಾರಿ ಕೊಡಿಸುತ್ತಾರೆಯೇ?

ಹೆದರಿಕೆಯೂ ಇದೆ. ಅಪಘಾತವಾದರೆ ತಪ್ಪು ಯಾರದೇ ಇರಲಿ, ಜನ ಸೇರಿ ಮೊದಲು ಹೊಡೆಯುವುದು ಲಾರಿಯವನಿಗೆ. ಅದಕ್ಕೇ ಓಡಿಹೋಗುತ್ತಾರೆ. ಹಳೇ ಡ್ರೈವರ್‌ಗಳೂ ಓಡಿದ್ದಾರೆ, ಹತ್ತಿರದ ಪೊಲೀಸ್ ಠಾಣೆಗೆ. ಭಾರತೀಯ ನ್ಯಾಯ ಸಂಹಿತೆಯ 106(2)ರಲ್ಲಿ, ನಿರ್ಲಕ್ಷ್ಯದ ಚಾಲನೆಯಿಂದ ಸಾವಾಗಿ, ಪೊಲೀಸರಿಗೆ ತಿಳಿಸದೆ ಓಡಿದರೆ 10 ವರ್ಷದವರೆಗೆ ಜೈಲು ಅಂತ ಬರೆದಾಗ 2024ರ ಜನವರಿ ಮೊದಲ ದಿನವೇ ದೇಶದ ಹಲವು ಕಡೆ ಡ್ರೈವರ್‌ಗಳು ಗಾಡಿ ನಿಲ್ಲಿಸಿದರು. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಉಪವಿಧಿಯನ್ನು ಮಾತ್ರ ತಡೆಹಿಡಿದರು. ಜೊತೆಯಲ್ಲಿ ಒಬ್ಬ ಇದ್ದರೆ ಒಬ್ಬ ಗಾಯಾಳುವನ್ನು ನೋಡಬಹುದು, ಇನ್ನೊಬ್ಬ ಠಾಣೆಗೆ ಹೋಗಬಹುದು. ಒಬ್ಬನೇ ಇದ್ದವನು ಏನು ಮಾಡಬೇಕು?

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಹೊಸ ಲಾರಿಗಳಿಗೆ 2025ರಿಂದ ಎಸಿ ಕ್ಯಾಬಿನ್ ಕಡ್ಡಾಯವಾಗಿದೆ. ಇಂಜಿನ್ ಬಿಸಿಗೆ ಕಾಲು ಬೆಂದುಹೋಗುತ್ತಿದ್ದ ಟಾಟಾ 1210 ಓಡಿಸಿದ ದೊಡ್ಡಪ್ಪ ಈ ಸುದ್ದಿ ಕೇಳಿ ಎರಡು ಸಲ ನಿಜವಾ ಅಂತ ಕೇಳಿದರು. 2019ರಲ್ಲಿ ಲೈಸೆನ್ಸಿಗೆ ಎಂಟನೇ ತರಗತಿ ಓದಿರಬೇಕು ಅನ್ನುವ ಷರತ್ತು ತೆಗೆದರು. ನಮ್ಮ ರಾಜ್ಯ 2024ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿತು. ಎಲ್ಲ ಒಳ್ಳೆಯದೇ. ಆದರೆ ಓದಿನ ಷರತ್ತು ತೆಗೆದ ಮಾತ್ರಕ್ಕೆ ಡ್ರೈವರ್ ಹುಟ್ಟುವುದಿಲ್ಲ. ಲೈಸೆನ್ಸ್ ಸಿಕ್ಕ ಹುಡುಗನನ್ನು ಮಾಲೀಕ ಕೇಳುವ ಮೊದಲ ಪ್ರಶ್ನೆ, ಲೋಡ್ ಗಾಡಿ ಎಷ್ಟು ವರ್ಷ ಓಡಿಸಿದ್ದೀಯಾ ಅಂತ. ಓಡಿಸಲು ಯಾರಾದರೂ ಕೊಟ್ಟರೆ ತಾನೇ?

ನನಗೆ ಬೇಕಿರುವುದು ಹಳೇ ಕ್ಲೀನರ್ ಪದ್ಧತಿ ಅಲ್ಲ. ಎಡಗಡೆ ಸೀಟಿನಲ್ಲಿ ಹದಿನೆಂಟು ದಾಟಿದ ಹುಡುಗ, ಕೈಗೆ ಸಂಬಳ, ಹೆಸರಿಗೆ ಇನ್ಶೂರೆನ್ಸ್, ಒಂದು ವರ್ಷ ಜೊತೆಗೆ ಓಡಾಡಿದ್ದಕ್ಕೆ ಕಾಗದದ ಮೇಲೆ ಲೆಕ್ಕ. ಅವನ ಖರ್ಚನ್ನು ಒಂದು ಗಾಡಿ ಮಾಲೀಕನ ಮೇಲೆ ಹಾಕಿದರೆ ಆಗುವುದಿಲ್ಲ. ಮಾಲು ಕಳಿಸುವ ದೊಡ್ಡ ಕಂಪನಿಗಳು ಬಾಡಿಗೆಯಲ್ಲಿ ಸೇರಿಸಿ ಕೊಡಬೇಕು, ಸರ್ಕಾರ ಸ್ವಲ್ಪ ಹಾಕಬೇಕು. ಲೋಡಿಂಗ್, ಅನ್‌ಲೋಡಿಂಗ್‌ನಲ್ಲಿ ಇಷ್ಟು ಗಂಟೆ ಮೀರಿದರೆ ಡ್ರೈವರ್ ಕೈಗೇ ದುಡ್ಡು ಅಂತಾಗಬೇಕು. ಆಗ ಗೋಡೌನಿನವರಿಗೂ ಅವಸರ ಬರುತ್ತದೆ. ನಗರದ ನಾಲ್ಕು ಬಾಗಿಲುಗಳಲ್ಲಿ ಕಾಯಿಸುವುದೇ ಆದರೆ ಅಲ್ಲಿ ಮಲಗಲು, ಸ್ನಾನ ಮಾಡಲು ಜಾಗ ಬೇಕು.

ದೊಡ್ಡಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಮಂದ ಕಿವಿ, ಎರಡು ಸಲ ಜೋರಾಗಿ ಓದಬೇಕಾಯಿತು. ಒಂದು ವರ್ಷ ಸಾಲದು, ಎರಡು ಮಳೆಗಾಲ ಆಗಬೇಕು ಅಂದರು. ಮೊದಲ ಮಳೆಗಾಲದಲ್ಲಿ ಹುಡುಗನಿಗೆ ಹೆದರಿಕೆ ಇರುತ್ತದೆ, ನೋಡೋದೇ ಆಗುತ್ತದೆ. ಘಾಟಿ ಇಳಿಸೋದು ಕಲಿಯೋದು ಎರಡನೇ ಮಳೆಗಾಲದಲ್ಲಂತೆ.